ಎರಡನೇ ಹಾಡಿಗೇ ಧನ್ಯವಾದ ಹೇಳಿದವನ ವಂದನಾರ್ಪಣೆ

ಮಾನ್ಯ ಅಧ್ಯಕ್ಷರಾದ ರುಗ್ಗೇರೋ ಅವರೇ, ಭಾನುವಾರದ ರಜೆಯನ್ನೂ ಲೆಕ್ಕಿಸದೆ ಬಡಾವಣೆಯ ಆಡಳಿತ ಕಚೇರಿಯಿಂದ ಬಂದಿರುವ ಮುಖ್ಯ ಅತಿಥಿ ಶ್ರೀಮತಿ ಲಿದಿಯಾ ಕಸ್ಸಾನೋ ಅವರೇ, ಎಂಬತ್ತು ತುಂಬಿದರೂ ಇಂದಿಗೂ ನಮ್ಮ ಪಾದಗಳನ್ನು ನೋಡಿ ಹಲ್ಲು ಕಚ್ಚುವ ನಮ್ಮೆಲ್ಲರ ಗುರು ದೋನ್ಯಾ ಪೆರ್ಲಾ ಅವರೇ, ಕಿಟಕಿಯ ಆ ಸಾಲಿನಲ್ಲಿ ಕುಳಿತಿರುವ ಮಹಿಳೆಯರೇ, ಫ್ರಿಜ್ಜಿನ ಈ ಸಾಲಿನಲ್ಲಿ ಕುಳಿತಿರುವ ಮಹನೀಯರೇ, ಜೋಡಿಗಳ ಮೇಜಿನಲ್ಲಿ ಒಬ್ಬರನ್ನೊಬ್ಬರು ಕಾವಲು ಕಾಯುತ್ತಿರುವ ದಂಪತಿಗಳೇ, ಎಂಪನಾಡ ಕಡುಬು ಎಲ್ಲಿ ಖಾಲಿಯಾಗಿಬಿಡುತ್ತದೋ ಎಂದು ಅಡುಗೆಮನೆಯ ಬಾಗಿಲಲ್ಲೇ ನಿಂತಿರುವ ಉಳಿದ ಸಭಿಕರೇ,

ನಮ್ಮ ಲುಸೇರೋ ಸಂಘದ ಅರವತ್ತನೇ ವಾರ್ಷಿಕೋತ್ಸವದ ಈ ಸಭೆಯಲ್ಲಿ, ದೋನ್ಯಾ ಪೆರ್ಲಾ ಅವರ ಸನ್ಮಾನ ಮುಗಿದ ಮೇಲೆ, ವಂದನಾರ್ಪಣೆ ಮಾಡುವ ಕೆಲಸವನ್ನು ನನಗೆ ವಹಿಸಿದ್ದಾರೆ. ಯಾಕೆ ನನಗೇ ವಹಿಸಿದರು ಎಂದು ಅತಿಥಿಗಳಿಗೆ ಗೊತ್ತಿರಲಾರದು. ಉಳಿದವರಿಗೆಲ್ಲ ಚೆನ್ನಾಗಿ ಗೊತ್ತು. ಅದಕ್ಕೇ ನನ್ನ ಹೆಸರು ಕರೆದ ಕೂಡಲೇ ನೀವು ನಕ್ಕಿರಿ. ನಗಿ, ನಗಿ. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಹೇಳಿದ ಮಾತು ಹೀಗಿತ್ತು: "ಧನ್ಯವಾದ ಹೇಳೋಕೆ ನಮ್ಮ ಡೆಲ್ಫೋರ್‌ಗಿಂತ ಅನುಭವಸ್ಥ ಈ ವಿಲ್ಲಾ ಲೂರೋ ಬಡಾವಣೇಲಿ ಇನ್ನ್ಯಾರಿದಾರೆ?" ಸಮಿತಿ ಬಿದ್ದು ಬಿದ್ದು ನಕ್ಕಿತು. ಸರ್ವಾನುಮತದಿಂದ ನಾನು ಆಯ್ಕೆಯಾದೆ.

ನಾನೂ ನಕ್ಕೆ. ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಅತಿಥಿಗಳಿಗೆ ಒಂದು ವಿವರಣೆ ಕೊಡಬೇಕು. ಶ್ರೀಮತಿ ಕಸ್ಸಾನೋ ಅವರು ತಮ್ಮ ಭಾಷಣದಲ್ಲಿ, "ನಾನು ಬ್ಯೂನೋಸ್ ಐರಿಸ್‌ನಲ್ಲೇ ಹುಟ್ಟಿ ಬೆಳೆದವಳು, ಆದರೆ ಒಂದು ದಿನವೂ ಟ್ಯಾಂಗೊ ಆಡಿದವಳಲ್ಲ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ನಾಚಿಕೆಪಡಬೇಡಿ ಅಮ್ಮಾ. ಅರವತ್ತೈದು ವರ್ಷದವರೆಗೆ ನಾನೂ ಆಡಿದವನಲ್ಲ. ಇಲ್ಲಿ ಭಾನುವಾರ ಮಧ್ಯಾಹ್ನದ ನೃತ್ಯಕೂಟದಲ್ಲಿ ಹಾಡುಗಳನ್ನು ನಾಲ್ಕು ನಾಲ್ಕಾಗಿ ಹಾಕುತ್ತಾರೆ. ನಾಲ್ಕು ಹಾಡಿಗೆ ಒಂದು ಸುತ್ತು. ಒಬ್ಬರ ಜೊತೆ ಆಡಲು ಒಪ್ಪಿದರೆ ಆ ನಾಲ್ಕನ್ನೂ ಅವರ ಜೊತೆಗೇ ಆಡಬೇಕು. ನಾಲ್ಕನೆಯದು ಮುಗಿದ ಮೇಲೆ ಧನ್ಯವಾದ ಹೇಳಿ, ಹೆಂಗಸನ್ನು ಅವಳ ಕುರ್ಚಿಯವರೆಗೆ ಬಿಟ್ಟು ಬರಬೇಕು. ನಡುವೆಯೇ, ಮೊದಲನೆಯದಕ್ಕೋ ಎರಡನೆಯದಕ್ಕೋ ಧನ್ಯವಾದ ಎಂದರೆ ಅದರ ಅರ್ಥ ಬೇರೆ. ನಿನ್ನ ಜೊತೆ ಆಡಿದ್ದು ಸಾಕಾಯಿತು, ನಡಿ ಎಂದು ಅರ್ಥ. ಅದಕ್ಕಿಂತ ದೊಡ್ಡ ಅವಮಾನ ಈ ಕೋಣೆಯಲ್ಲಿ ಇಲ್ಲ. ಹೊರಗೆ ಬೀದಿಯಲ್ಲಿ ಅದು ಒಳ್ಳೆಯ ಮಾತು, ಇಲ್ಲಿ ಒಳಗೆ ಹಾಡಿನ ಲೆಕ್ಕ ತಪ್ಪಿದರೆ ಅದೇ ಮಾತು ಕಪಾಳಮೋಕ್ಷ.

ಆ ಕಪಾಳಮೋಕ್ಷವನ್ನು ಸ್ವಂತ ಹೆಂಡತಿಗೆ ಮಾಡಿದ ಮಹಾನುಭಾವ ನಿಮ್ಮ ಮುಂದೆ ನಿಂತಿದ್ದಾನೆ. ಅದೇ ನನ್ನ ಅನುಭವ, ಅದೇ ನನ್ನ ಅರ್ಹತೆ.

ಇನ್ನು ದೋನ್ಯಾ ಪೆರ್ಲಾ ಅವರಿಗೆ ವಂದನೆ. ಆದರೆ ಅವರಿಗೆ ಬರಿಗೈಯಲ್ಲಿ ವಂದನೆ ಹೇಳಿದರೆ ಸಾಲದು. ನಾವು ಅವರ ಕೈಗೆ ಹೇಗೆ ಸಿಕ್ಕಿಬಿದ್ದೆವು ಎಂಬುದನ್ನು ಹೇಳಲೇಬೇಕು.

ಮೂವತ್ತೊಂದು ವರ್ಷ ನಾನು ಸಿಟಿ ಬಸ್ಸು ಓಡಿಸಿದವನು. ಲಿನಿಯೆರ್ಸ್‌ನಿಂದ ರೆತೀರೋ, ರೆತೀರೋದಿಂದ ಲಿನಿಯೆರ್ಸ್. ನನ್ನ ತಲೆಯ ಮೇಲಿನ ದೊಡ್ಡ ಕನ್ನಡಿಯ ಸುತ್ತ ಬಣ್ಣದ ಬಳ್ಳಿ ಬರೆಸಿ, ಅದರ ನಡುವೆ 'ಎಲ್ಬಾ' ಎಂದು ಹೆಂಡತಿಯ ಹೆಸರು ಬರೆಸಿದ್ದೆ. ಜನರನ್ನೆಲ್ಲ ನಾನು ನೋಡುತ್ತಿದ್ದದ್ದು ಆ ಕನ್ನಡಿಯಲ್ಲಿ. ಮೂವತ್ತೊಂದು ವರ್ಷ ಮನುಷ್ಯರನ್ನು ಕನ್ನಡಿಯಲ್ಲಿ ನೋಡಿದವನಿಗೆ ನೇರವಾಗಿ ನೋಡುವುದು ಮರೆತುಹೋಗುತ್ತದೆ. ಸಭಿಕರೇ, ಇದು ನನ್ನ ಮಾತಲ್ಲ, ಎಲ್ಬಾಳ ಮಾತು.

ನಿವೃತ್ತಿಯಾದ ಮೊದಲ ಸೋಮವಾರ ನಾನು ಅಡುಗೆಮನೆಯಲ್ಲಿ ಕುಳಿತು, ಬಾಣಲೆಗಳನ್ನು ಯಾವ ಕ್ರಮದಲ್ಲಿ ನೇತುಹಾಕಿದರೆ ಕೈಗೆ ಬೇಗ ಸಿಗುತ್ತವೆ ಎಂದು ಅವಳಿಗೆ ತಿಳಿಸಿಕೊಡಲು ಹೋದೆ. ಅವಳು ಸೌಟು ಎತ್ತಿ ಹಿಂಬಾಗಿಲು ತೋರಿಸಿದಳು.

"ಏ ಮುದುಕಾ, ಇದು ನಿನ್ನ ಬಸ್ಸಲ್ಲ. ಹಿಂದಿನ ಬಾಗಿಲಿಂದ ಇಳ್ಕೋ."

ಹೀಗಿತ್ತು ನಮ್ಮ ದಾಂಪತ್ಯ. ಕೆಟ್ಟದ್ದಲ್ಲ. ಜಗಳವೂ ಇರಲಿಲ್ಲ. ಅವಳು ಮೂವತ್ತು ವರ್ಷ ಗುಂಡಿ, ದಾರ, ರಿಬ್ಬನ್ನು ಮಾರುವ ಅಂಗಡಿಯಲ್ಲಿ ನಿಂತು ಕೆಲಸ ಮಾಡಿದವಳು. ಸಂಜೆ ನಾನು ಬರುವ ಹೊತ್ತಿಗೆ ಊಟ ಮೇಜಿನ ಮೇಲಿರುತ್ತಿತ್ತು. ನಾನು ತಿನ್ನುತ್ತಿದ್ದೆ. ರೇಡಿಯೋ ಹಾಕುತ್ತಿದ್ದೆ. ಇದರಲ್ಲಿ ತಪ್ಪೇನಿದೆ? ತಪ್ಪೇನಿದೆ ಎಂದು ನಾನು ಬಹಳ ದಿನ ಕೇಳಿಕೊಂಡೆ.

ಆ ವರ್ಷ ಕ್ರಿಸ್‌ಮಸ್‌ಗೆ ಸಂಘದ ಲಾಟರಿಯಲ್ಲಿ ಎರಡು ಬಹುಮಾನಗಳಿದ್ದವು. ಮೊದಲನೆಯದು, ಮಾಂಸದಂಗಡಿಯ ನಮ್ಮ ಅಧ್ಯಕ್ಷ ರುಗ್ಗೇರೋ ದಾನವಾಗಿ ಕೊಟ್ಟ ಹಂದಿಮರಿ. ಎರಡನೆಯದು, ದೋನ್ಯಾ ಪೆರ್ಲಾ ಅವರ ಬುಧವಾರದ ತರಗತಿಗೆ ಮೂರು ತಿಂಗಳ ಪ್ರವೇಶ, ಗಂಡ ಹೆಂಡತಿ ಇಬ್ಬರಿಗೂ. ನಾನು ಚೀಟಿ ಕೊಂಡದ್ದು ಹಂದಿಮರಿಗಾಗಿ. ಹಂದಿಮರಿ ಕೈತಪ್ಪಿತು, ನೃತ್ಯ ಗಂಟುಬಿತ್ತು. ಎಲ್ಬಾ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಜನವರಿ ಪೂರ್ತಿ ನಾನು ಫ್ರಿಜ್ಜು ತೆರೆದಾಗಲೆಲ್ಲ ಅದು ನನ್ನನ್ನೇ ನೋಡುತ್ತಿತ್ತು.

ಮಾರ್ಚ್ ತಿಂಗಳ ಮೊದಲ ಬುಧವಾರ ಇದೇ ಕೋಣೆಗೆ ಬಂದೆವು. ದೋನ್ಯಾ ಪೆರ್ಲಾ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

"ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಮೂವತ್ನಾಲ್ಕು," ಎಂದೆ, ಹೆಮ್ಮೆಯಿಂದ.

"ಅಯ್ಯೋ ಪಾಪ. ಹಾಗಾದ್ರೆ ಮೊದಲು ನಿಮ್ಮಿಬ್ರನ್ನ ಬೇರೆ ಮಾಡ್ಬೇಕು. ನೀನು ಆ ಮೂಲೆ, ಅವಳು ಈ ಮೂಲೆ."

ಮೊದಲ ತಿಂಗಳು ಬರೀ ನಡಿಗೆ. ಟ್ಯಾಂಗೊ ಎಂದರೆ ಕಾಲು ಮೇಲೆತ್ತಿ ಗಾಳಿಯಲ್ಲಿ ಬೀಸುವುದು ಎಂದುಕೊಂಡಿದ್ದೆ. ಅದು ಪ್ರವಾಸಿಗಳಿಗೆ. ಇಲ್ಲಿ ಗಂಡಸು ಮುಂದಕ್ಕೆ ನಡೆಯಬೇಕು, ಹೆಂಗಸು ಅವನ ಎದೆಗೆ ಎದೆ ತಾಗಿಸಿ ಹಿಂದಕ್ಕೆ ನಡೆಯಬೇಕು, ಅಷ್ಟೇ. ಅಷ್ಟೇ ಎಂದು ಹೇಳುವುದು ಸುಲಭ. "ತಳ್ಳಬೇಡ! ಅವಳೇನು ಕೆಟ್ಟು ನಿಂತಿರೋ ಬಸ್ಸಾ? ಕರ್ಕೊಂಡು ಹೋಗು!" "ಬ್ರೇಕ್ ಹಾಕ್ಬೇಡ!" "ನಿನ್ನ ಕಾಲು ನೀನೇ ಯಾಕೆ ನೋಡ್ತೀಯ? ಯಾರೂ ಕದಿಯಲ್ಲ ಅದನ್ನ!" ಇವೆಲ್ಲ ದೋನ್ಯಾ ಪೆರ್ಲಾ ಅವರ ಆಶೀರ್ವಚನಗಳು. ನೆಲದ ಮೇಲೆ ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು, ಮುಂದಿನವರನ್ನು ಓವರ್‌ಟೇಕ್ ಮಾಡುವಂತಿಲ್ಲ. ಮೂವತ್ತೊಂದು ವರ್ಷದ ಚಾಲಕನಿಗೆ ಓವರ್‌ಟೇಕ್ ಮಾಡಬೇಡ ಎಂದರೆ ಅವನು ಬದುಕುವುದು ಹೇಗೆ?

ಎಲ್ಬಾ ಬೇಗ ಕಲಿತಳು. ಒಂದು ದಿನ ದೋನ್ಯಾ ಪೆರ್ಲಾ ಎಲ್ಲರನ್ನೂ ನಿಲ್ಲಿಸಿ ಹೇಳಿದರು, "ನೋಡಿ, ಎಲ್ಬಾನ ನೋಡಿ. ಅವಳು ಆತುರ ಪಡಲ್ಲ. ಗಂಡಸು ಮನಸ್ಸು ಮಾಡೋವರೆಗೂ ಕಾಯ್ತಾಳೆ. ಇಷ್ಟು ಚೆನ್ನಾಗಿ ಕಾಯೋದನ್ನ ನಿಂಗೆ ಯಾರು ಕಲಿಸಿದ್ರಮ್ಮಾ?" ನಾನು ಎದೆಯುಬ್ಬಿಸಿ ನಿಂತೆ. ನನ್ನ ಹೆಂಡತಿಯನ್ನು ಹೊಗಳುತ್ತಿದ್ದಾರೆ ಎಂದುಕೊಂಡೆ. ನನಗೆ ಬೈಯುತ್ತಿದ್ದಾರೆ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು.

ನಾವಿಬ್ಬರೂ ಒಟ್ಟಿಗೆ ಅಭ್ಯಾಸ ಮಾಡುವಾಗ ಮಾತ್ರ ಜಗಳ.

"ಎಡಕ್ಕೆ ಅಂದೆನಲ್ಲೇ!"

"ಯಾವಾಗ ಅಂದೆ?"

"ಮನಸ್ಸಲ್ಲಿ ಅಂದೆ."

"ಮೂವತ್ನಾಲ್ಕು ವರ್ಷದಿಂದ ನೀನು ಎಲ್ಲಾನೂ ಮನಸ್ಸಲ್ಲೇ ಅಂತಾ ಬಂದಿದೀಯ. ನಾನೇನು ಕಣಿ ಹೇಳೋಳಾ?"

ಜಗಳ ಆಡುತ್ತಿದ್ದೆವು, ಆದರೆ ಮನೆಗೆ ಹೋಗುವ ದಾರಿಯಲ್ಲಿ ನಗುತ್ತಿದ್ದೆವು. ಆ ಮೂರು ತಿಂಗಳು ನಾವು ಆಡಿದಷ್ಟು ಮಾತನ್ನು ಹಿಂದಿನ ಮೂವತ್ನಾಲ್ಕು ವರ್ಷಗಳಲ್ಲಿ ಆಡಿರಲಿಲ್ಲ. ನನಗೆ ತುಂಬ ಸಂತೋಷವಾಗಿತ್ತು. ಅದನ್ನು ಅವಳಿಗೆ ಹೇಳಬೇಕು ಎಂದುಕೊಂಡಿದ್ದೆ. ಅದನ್ನೂ ಮನಸ್ಸಲ್ಲೇ ಅಂದುಕೊಂಡೆ.

ಮೇ ತಿಂಗಳ ಕೊನೆಗೆ ನಮ್ಮ ಮೊದಲ ಭಾನುವಾರ. ದೋನ್ಯಾ ಪೆರ್ಲಾ ಬಾಗಿಲಲ್ಲೇ ಹೇಳಿದರು, "ಬೇರೆ ಬೇರೆ ಕೂತ್ಕೊಳ್ಳಿ. ಒಟ್ಟಿಗೆ ಕೂತ್ರೆ ಇವಳನ್ನ ಯಾರೂ ಕರೆಯಲ್ಲ." ಅತಿಥಿಗಳೇ, ಇಲ್ಲಿ ಕರೆಯುವುದೆಂದರೆ ಕಣ್ಣಲ್ಲಿ. ಗಂಡಸು ಈ ಸಾಲಿನಿಂದ ನೋಡುತ್ತಾನೆ. ಹೆಂಗಸಿಗೆ ಮನಸ್ಸಿದ್ದರೆ ಆ ಸಾಲಿನಿಂದ ಅವಳೂ ನೋಡುತ್ತಾಳೆ. ಅವನು ತಲೆ ಅಲ್ಲಾಡಿಸುತ್ತಾನೆ, ಅವಳು ತಲೆ ಅಲ್ಲಾಡಿಸುತ್ತಾಳೆ, ಎದ್ದು ಬರುತ್ತಾರೆ. ಮನಸ್ಸಿಲ್ಲದಿದ್ದರೆ ಅವಳು ಬೇರೆ ಕಡೆ ನೋಡುತ್ತಾಳೆ. ಮೇಜಿನ ಹತ್ತಿರ ಹೋಗಿ ಬಾಯಿಬಿಟ್ಟು ಕೇಳುವುದು ಗೌರವವಲ್ಲ.

ನಾನು ಸೋಡಾ ಕುಡಿಯುತ್ತಾ ಕುಳಿತೆ. ನಾನು ಯಾರ ಕಡೆ ನೋಡಿದರೂ ಅವರು ಫ್ಯಾನು ನೋಡುತ್ತಿದ್ದರು. ಈ ಕೋಣೆಯ ಫ್ಯಾನಿಗೆ ಅಷ್ಟು ಅಭಿಮಾನಿಗಳಿದ್ದಾರೆಂದು ನನಗೆ ಅಂದೇ ತಿಳಿದದ್ದು. ಎಲ್ಬಾ ಮಾತ್ರ ಒಂದು ಸುತ್ತೂ ಕೂರಲಿಲ್ಲ. ಔಷಧಿ ಅಂಗಡಿಯವನು ಕರೆದ, ಮುದುಕ ದರ್ಜಿ ಕರೆದ, ನಮ್ಮ ರುಗ್ಗೇರೋ ಎರಡು ಸಲ ಕರೆದ. ಐದು ಸುತ್ತಾದ ಮೇಲೆ ನಾನು ಅವಳನ್ನು ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ತಲೆ ಅಲ್ಲಾಡಿಸಿದೆ. ಎದ್ದು ಬಂದಳು.

ಮೊದಲ ಹಾಡು ದಾಟಿತು. ಎರಡನೆಯದರಲ್ಲಿ ನಾನು ದಿಕ್ಕು ತಪ್ಪಿ ರುಗ್ಗೇರೋಗೆ ಹೋಗಿ ಡಿಕ್ಕಿ ಹೊಡೆದೆ. "ಡೆಲ್ಫೋರ್, ಬಸ್‌ಸ್ಟಾಪು ಆ ಕಡೆ ಕಣೋ!" ಎಂದು ಅವನು ಕೂಗಿದ. ಎಲ್ಲರೂ ನಕ್ಕರು. ಎಲ್ಬಾಳೂ ನಕ್ಕಳು. ಹಾಡು ನಿಂತಿತು. ನಾನು ಅವಳ ಕೈಬಿಟ್ಟು, ತಲೆಬಾಗಿ, ಬಹಳ ಮರ್ಯಾದೆಯಿಂದ, "ಧನ್ಯವಾದ" ಎಂದೆ.

ಅವಳು ನನ್ನ ಮುಖ ನೋಡಿದಳು. ತಿರುಗಿ ಒಬ್ಬಳೇ ನಡೆದುಹೋಗಿ, ಆ ಕುರ್ಚಿಯಲ್ಲಿ ಕುಳಿತು, ನೃತ್ಯದ ಬೂಟು ಬಿಚ್ಚಿ ಮನೆಗೆ ಹೋಗುವ ಬೂಟು ಹಾಕಿಕೊಂಡಳು.

ಮುಂದಿನದು ನಿಮಗೆ ಗೊತ್ತಿದೆ. ಪಾಪ, ಡೆಲ್ಫೋರ್‌ಗೆ ಗೊತ್ತಿರಲಿಲ್ಲ. ಹೊಸಬ. ಹೆಂಡತಿಗೆ ಒಳ್ಳೆಯ ಮಾತು ಹೇಳಲು ಹೋಗಿ ಕೆಟ್ಟ. ಒಂದೂವರೆ ವರ್ಷದಿಂದ ಈ ಸಂಘದಲ್ಲಿ ಊಟದ ಮೇಜಿನಲ್ಲಿ ಯಾರಾದರೂ ಉಪ್ಪು ಕೊಟ್ಟರೆ, "ಧನ್ಯವಾದ ಹೇಳ್ಬೇಡಪ್ಪಾ, ಹೆಂಡ್ತಿ ಓಡಿಹೋದಾಳು" ಎನ್ನುತ್ತೀರಿ. ನಾನೂ ನಿಮ್ಮ ಜೊತೆ ನಗುತ್ತೇನೆ. ಎಲ್ಲರಿಗಿಂತ ಜೋರಾಗಿ ನಗುತ್ತೇನೆ.

ನನ್ನ ಹೆಂಡತಿ ಓಡಿಹೋಗಲಿಲ್ಲ. ಅದನ್ನು ಸ್ಪಷ್ಟಪಡಿಸುತ್ತೇನೆ. ಅವಳು ಅಯೇದೋದಲ್ಲಿರುವ ತನ್ನ ತಂಗಿ ಒತಿಲಿಯಾಳ ಮನೆಯಲ್ಲಿದ್ದಾಳೆ. ಒತಿಲಿಯಾಳಿಗೆ ಮಂಡಿನೋವು. ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಮಂಡಿನೋವು ಎಂದರೆ ಹಗುರವಾದ ವಿಷಯವಲ್ಲ. ನಲವತ್ತು ದಿನವಾದರೂ ಬೇಕು ಗುಣವಾಗಲು.

ಹೌದು, ನಲವತ್ತು ದಿನವಾಗಿ ಬಹಳ ಕಾಲವಾಯಿತು. ಒತಿಲಿಯಾ ಇವತ್ತು ಇಲ್ಲಿಗೆ ಬಂದಿದ್ದಾಳೆ. ಅವಳು ರೈಲು ನಿಲ್ದಾಣದ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದದ್ದನ್ನು ನಾನೇ ನೋಡಿದೆ. ಮಂಡಿಯ ಮಾತನ್ನು ಇಲ್ಲಿಗೆ ಬಿಡುತ್ತೇನೆ.

ಆ ಭಾನುವಾರ ಮನೆಗೆ ಹೋಗುವಾಗ ಎಲ್ಬಾ ಹೇಳಿದ್ದು ಇಷ್ಟು: "ಮೂವತ್ನಾಲ್ಕು ವರ್ಷದಲ್ಲಿ ಒಂದ್ ದಿನ ನಂಗೆ ಆ ಮಾತು ಹೇಳ್ಲಿಲ್ಲ ನೀನು. ಊಟ ಹಾಕಿದಾಗ ಹೇಳ್ಲಿಲ್ಲ. ನಿಮ್ಮಮ್ಮನ್ನ ಆರು ವರ್ಷ ನೋಡ್ಕೊಂಡಾಗ ಹೇಳ್ಲಿಲ್ಲ. ಮೊದಲ್ನೇ ಸಲ ಹೇಳಿದ್ದು, ನಡಿ ಅನ್ನೋಕೆ."

"ಅದ್ರ ಅರ್ಥ ನಂಗೆ ಗೊತ್ತಿರ್ಲಿಲ್ಲ ಕಣೇ."

"ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಅಮ್ಮನಾಣೆ."

ಸೋಮವಾರ ಕಾಫಿ ಕೊಡುವಾಗ ಮತ್ತೆ ಕೇಳಿದಳು. ಮಂಗಳವಾರ ಬಟ್ಟೆ ಒಣಹಾಕುವಾಗ ಕೇಳಿದಳು. "ಗೊತ್ತಿದ್ರೆ ಗೊತ್ತಿತ್ತು ಅನ್ನು ಮುದುಕಾ. ನಾನೇನೂ ಮಾಡಲ್ಲ. ಬೈಯ್ತೀನಿ, ಅಷ್ಟೆ." ನಾನು ಗೊತ್ತಿರಲಿಲ್ಲ ಎಂದೆ. ಗುರುವಾರ ಒತಿಲಿಯಾಳ ಮಂಡಿಗೆ ನೋವು ಬಂತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಸ್ವಲ್ಪವೇ ಇದೆ, ಸ್ವಾಮಿ.

ಜೂನ್‌ನಲ್ಲಿ ಒಂದು ಭಾನುವಾರ ನಾನು ಇಲ್ಲಿಗೆ ಬಂದೆ. ಅವಳು ಅಯೇದೋದಿಂದ ರೈಲಿನಲ್ಲಿ ಬಂದು ಆ ಸಾಲಿನಲ್ಲಿ ಕುಳಿತಿದ್ದಳು. ನಾನು ಎಷ್ಟು ನೋಡಿದರೂ ಅವಳು ತಿರುಗಲಿಲ್ಲ. ಟ್ಯಾಂಗೊ ಸುತ್ತುಗಳ ನಡುವೆ ಹಾಕುವ, ಮೂರೆಣಿಕೆಯ ತಾಳದ ವಾಲ್ಟ್ಸ್ ಸುತ್ತು ಶುರುವಾಯಿತು. ಅವಳಿಗೆ ವಾಲ್ಟ್ಸ್ ಎಂದರೆ ಪ್ರಾಣ. ನಾನು ತಾಳಲಾರದೆ ಎದ್ದು, ಇಡೀ ನೆಲ ದಾಟಿ, ಅವಳ ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ಬಾ, ಆಡೋಣ" ಎಂದೆ. "ಕಾಲು ನೋಯ್ತಿದೆ" ಎಂದಳು. ಹಾಗೆಂದ ಮೇಲೆ ಆ ಸುತ್ತಿನಲ್ಲಿ ಇನ್ನೊಬ್ಬರ ಜೊತೆ ಆಡುವಂತಿಲ್ಲ, ಅದು ಇಲ್ಲಿಯ ಮರ್ಯಾದೆ. ನಾಲ್ಕು ವಾಲ್ಟ್ಸ್‌ಗಳೂ ಮುಗಿಯುವವರೆಗೆ ಅವಳು ಬೂಟಿನ ತುದಿಯಲ್ಲಿ ತಾಳ ಹಾಕುತ್ತಾ ಕುಳಿತಿದ್ದಳು. ನನ್ನಿಂದಾಗಿ.

ದೋನ್ಯಾ ಪೆರ್ಲಾ ನನ್ನನ್ನು ಬಾರಿನ ಹಿಂದಕ್ಕೆ ಎಳೆದುಕೊಂಡು ಹೋಗಿ ಉಗಿದರು. "ಕಣ್ಣಲ್ಲಿ ಕೇಳೋದು ಯಾಕೆ ಅಂದ್ಕೊಂಡಿದೀಯ? ಚೆಂದಕ್ಕಾ? ಕಣ್ಣಲ್ಲಿ ಕೇಳಿದ್ರೆ ಇಲ್ಲ ಅನ್ನೋದೂ ಕಣ್ಣಲ್ಲೇ ಆಗುತ್ತೆ. ಯಾರಿಗೂ ಗೊತ್ತಾಗಲ್ಲ. ನಿನ್ನ ಮಾನಾನೂ ಉಳಿಯುತ್ತೆ, ಅವಳ ಮಾನಾನೂ ಉಳಿಯುತ್ತೆ. ಬಾಯಲ್ಲಿ ಕೇಳಿದ್ಯಲ್ಲ, ಈಗ ಅವಳು ಏನಂದ್ರೂ ತಪ್ಪೇ." ಅಂದಿನಿಂದ ಹದಿನೇಳು ತಿಂಗಳು ನಾನು ಭಾನುವಾರ ಇತ್ತ ಕಾಲಿಟ್ಟಿಲ್ಲ. ಇವತ್ತೇ ಬಂದದ್ದು.

ಆದರೆ ಬುಧವಾರ ಬಿಡಲಿಲ್ಲ. ದೋನ್ಯಾ ಪೆರ್ಲಾ ಬಿಡಗೊಡಲಿಲ್ಲ. "ಎಲ್ಬಾ ಇಲ್ವಲ್ಲ. ಸರಿ, ಇವತ್ತಿಂದ ನೀನು ಹೆಂಗಸಿನ ಹೆಜ್ಜೆ ಕಲಿ," ಎಂದರು. ನಗಬೇಡಿ ಅಮ್ಮಾ. ನಮ್ಮ ಅಜ್ಜಂದಿರ ಕಾಲದಲ್ಲಿ ಗಂಡಸರೆಲ್ಲ ಮೊದಲು ಹಾಗೇ ಕಲಿಯುತ್ತಿದ್ದದ್ದು. ವರ್ಷಗಟ್ಟಲೆ ಹಿಂದಕ್ಕೆ ನಡೆದ ಮೇಲೇ ಅವರಿಗೆ ಮುಂದಕ್ಕೆ ನಡೆಯುವ ಯೋಗ್ಯತೆ ಬರುತ್ತಿತ್ತು. ನನ್ನನ್ನು ನಡೆಸಲು ಸಿಕ್ಕಿದವರು ಯಾರು ಗೊತ್ತೇ? ಸಾಕ್ಷಾತ್ ನಿಮ್ಮ ಅಧ್ಯಕ್ಷರು. ನೂರಹತ್ತು ಕಿಲೋ ತೂಕ, ಅಂಗಿಯಲ್ಲಿ ಬೆಳ್ಳುಳ್ಳಿ ಸಾಸೇಜಿನ ವಾಸನೆ. ಒಂದು ವರ್ಷ, ವಾರಕ್ಕೆ ಎರಡು ಗಂಟೆ, ನಾನು ಆ ಎದೆಗೆ ಒರಗಿ ಕಣ್ಣುಮುಚ್ಚಿ ಹಿಂದಕ್ಕೆ ನಡೆದಿದ್ದೇನೆ. ಮೂವತ್ತೊಂದು ವರ್ಷ ಸ್ಟಿಯರಿಂಗ್ ಹಿಡಿದವನು ಮೊದಲ ಸಲ ಪ್ರಯಾಣಿಕನಾದೆ. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಗೊತ್ತಿಲ್ಲ. ಯಾವಾಗ ನಿಲ್ಲಿಸುತ್ತಾರೆ ಎಂದು ಗೊತ್ತಿಲ್ಲ. ಕೇಳುವಂತಿಲ್ಲ. ಮೊದಲ ತಿಂಗಳು ನನಗೆ ಭಯದಿಂದ ಬೆನ್ನು ಬೆವರುತ್ತಿತ್ತು.

ಕಳೆದ ಆಗಸ್ಟ್‌ನಲ್ಲಿ ಒಂದು ಬುಧವಾರ ರುಗ್ಗೇರೋ ನಡುವೆ ಹೆಜ್ಜೆ ಮರೆತ. ಮರೆತದ್ದನ್ನು ತೋರಿಸಿಕೊಳ್ಳದೆ, ಬೇಕೆಂದೇ ನಿಂತವನ ಹಾಗೆ ಒಂದು ಕ್ಷಣ ನಿಂತು, ಮುಂದುವರಿದ. ನೋಡುತ್ತಿದ್ದವರಿಗೆ ಯಾರಿಗೂ ಗೊತ್ತಾಗಲಿಲ್ಲ.

"ಮರ್ತೋಯ್ತಲ್ಲೋ ನಿಂಗೆ," ಎಂದೆ, ಕಣ್ಣು ತೆರೆಯದೆ.

"ಇಲ್ಲಪ್ಪಾ. ಬೇಕಂತಾನೇ ನಿಂತಿದ್ದು."

"ಸುಳ್ಳು ಹೇಳ್ಬೇಡ."

"ನಿಂಗೆ ಹೇಗೋ ಗೊತ್ತಾಯ್ತು?"

ಹೇಗೆ ಗೊತ್ತಾಯಿತು? ಎದೆಗೆ ಎದೆ ತಾಗಿದಾಗ ಗೊತ್ತಾಗುತ್ತದೆ. ಅವನು ತಪ್ಪಿದ್ದು ಗೊತ್ತಾಗುತ್ತದೆ, ಮುಚ್ಚಿಟ್ಟದ್ದೂ ಗೊತ್ತಾಗುತ್ತದೆ. ಹೋಗಿ ಕುರ್ಚಿಯಲ್ಲಿ ಕುಳಿತುಬಿಟ್ಟೆ. ರುಗ್ಗೇರೋ ನನಗೆ ರಕ್ತದೊತ್ತಡವೆಂದು ನೀರು ತಂದುಕೊಟ್ಟ.

ರಕ್ತದೊತ್ತಡವಲ್ಲ, ರುಗ್ಗೇರೋ.

ಸಭಿಕರೇ, ಒಂದೂವರೆ ವರ್ಷದಿಂದ ನೀವು ನಗುತ್ತಿರುವ ಆ ಕಥೆ ಸುಳ್ಳು. ನನಗೆ ಗೊತ್ತಿತ್ತು. ಎರಡನೇ ವಾರದ ತರಗತಿಯಲ್ಲೇ ದೋನ್ಯಾ ಪೆರ್ಲಾ ಅದನ್ನು ಎಲ್ಲರಿಗೂ ಹೇಳಿಕೊಟ್ಟಿದ್ದರು. ಧನ್ಯವಾದದ ಅರ್ಥವನ್ನೂ ಹೇಳಿದ್ದರು, ಯಾವಾಗ ಹೇಳಬಾರದು ಎಂಬುದನ್ನೂ ಹೇಳಿದ್ದರು. ಒಂದೂವರೆ ವರ್ಷದಲ್ಲಿ ಅವರು ಒಂದು ಸಲವಾದರೂ ಎಲ್ಲರ ಮುಂದೆ, ನಿನಗೆ ಹೇಳಿಕೊಟ್ಟಿದ್ದೆನಲ್ಲಾ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಅವಳು ನಕ್ಕದ್ದಕ್ಕೆ ಹೇಳಿದೆ ಎಂದುಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ. ಅದಕ್ಕೂ ಮೊದಲು ಐದು ಸುತ್ತು ಅವಳನ್ನು ಕುಳಿತು ನೋಡಿದ್ದೆನಲ್ಲಾ. ಅವರ ಜೊತೆ ಅವಳು ಹಗುರವಾಗಿದ್ದಳು. ದರ್ಜಿಯ ಹೆಗಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದಳು. ನನ್ನ ಜೊತೆ ಆಡುವಾಗ ಕಣ್ಣು ತೆರೆದಿದ್ದಳು, ನಾನು ಎಲ್ಲಿ ಗುದ್ದುತ್ತೇನೋ ಎಂದು. ಮೂವತ್ನಾಲ್ಕು ವರ್ಷ ಅವಳು ನನ್ನ ಜೊತೆ ಹಾಗೇ ಇದ್ದಳು ಎಂದು ನನಗೆ ಆ ಕುರ್ಚಿಯಲ್ಲಿ ಕುಳಿತಾಗ ಹೊಳೆಯಿತು. ಹೊಳೆದದ್ದು ಸಹಿಸಲಾಗಲಿಲ್ಲ. ಅವಳಿಗೆ ನೋವಾಗಲಿ ಎಂದೇ ಹೇಳಿದೆ. ಕೈಗೆ ಸಿಕ್ಕಿದ್ದು ಆ ಮರ್ಯಾದೆಯ ಮಾತು. ಬೈದಿದ್ದರೆ ನೀವು ನನ್ನನ್ನು ಕೆಟ್ಟವನೆನ್ನುತ್ತಿದ್ದಿರಿ. ಧನ್ಯವಾದ ಹೇಳಿದ್ದಕ್ಕೆ ದಡ್ಡನೆಂದಿರಿ. ಕೆಟ್ಟವನಾಗುವುದಕ್ಕಿಂತ ದಡ್ಡನಾಗಿರುವುದು ನನಗೆ ಸುಲಭವಾಯಿತು. ಸತ್ತ ತಾಯಿಯ ಆಣೆಯಿಟ್ಟು ದಡ್ಡನಾದೆ. ಎಲ್ಬಾ ಆರು ವರ್ಷ ಉಣಿಸಿ, ತೊಳೆದು ನೋಡಿಕೊಂಡ ಆ ತಾಯಿಯ ಆಣೆ.

ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು. ನನ್ನ ಎದೆಗೆ ತಾಗಿ ನಿಂತಿದ್ದವಳು ಅವಳೇ ಅಲ್ಲವೇ? ಅವಳು ಮೂರು ದಿನ ಕೇಳಿದ್ದು ತಿಳಿದುಕೊಳ್ಳುವುದಕ್ಕಲ್ಲ. ನನಗೆ ಹೇಳಲು ಅವಕಾಶ ಕೊಡುವುದಕ್ಕೆ.

ನಾನು ಈಗ ಆ ಸಾಲಿನ ಕಡೆ ನೋಡುತ್ತಿಲ್ಲ. ಫ್ಯಾನು ನೋಡುತ್ತಿದ್ದೇನೆ. ಎಲ್ಬಾ, ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ತಪ್ಪು ನನ್ನದು.

ಈ ಕೆಲಸವನ್ನು ನಾನು ಯಾಕೆ ಒಪ್ಪಿಕೊಂಡೆ ಎಂದು ಈಗ ನಿಮಗೆ ತಿಳಿದಿರಬೇಕು. ನಿಮ್ಮೆಲ್ಲರ ಎದುರು ಅವಳಿಗೆ ಅವಮಾನ ಮಾಡಿದವನು, ಅದನ್ನು ನಿಮ್ಮೆಲ್ಲರ ಎದುರೇ ಒಪ್ಪಿಕೊಳ್ಳಬೇಕಿತ್ತು. ಅಯೇದೋಗೆ ಹೋಗಿ ಬಾಗಿಲ ಸಂದಿಯಲ್ಲಿ ಪಿಸುಗುಟ್ಟಿದ್ದರೆ, ಇಲ್ಲಿ ನೀವು ಅವಳ ಹಿಂದೆ, ಗಂಡ ಒಂದು ಒಳ್ಳೆಯ ಮಾತು ಹೇಳಿದ್ದಕ್ಕೆ ಮನೆಬಿಟ್ಟ ಹೆಂಗಸು ಎಂದು ಆಡಿಕೊಳ್ಳುತ್ತಲೇ ಇರುತ್ತಿದ್ದಿರಿ. ಆಡಿಕೊಂಡಿದ್ದೀರಿ. ನನಗೆ ಕೇಳಿಸಿದೆ. ಕೇಳಿಸಿಕೊಂಡು ಸುಮ್ಮನಿದ್ದೆ.

ಇನ್ನು ವಂದನೆಗಳು.

ಮುಖ್ಯ ಅತಿಥಿಗಳಿಗೆ ವಂದನೆ. ಸೋರುವ ಚಾವಣಿಯ ಬಗ್ಗೆ ನಾವು ಕೊಟ್ಟ ಅರ್ಜಿಯನ್ನು ಓದುವುದಾಗಿ ಹೇಳಿದ್ದಾರೆ, ಓದಲಿ. ಬೆಳಗಿನಿಂದ ಎಂಪನಾಡಗಳ ಅಂಚು ಮಡಚಿ ಮಡಚಿ ಬೆರಳು ಸವೆಸಿಕೊಂಡ ಅಡುಗೆಮನೆಯ ತಾಯಂದಿರಿಗೆ ವಂದನೆ. ಒಂದು ವರ್ಷ ನನ್ನ ಭಾರ ಹೊತ್ತು ನಡೆಸಿದ, ಈ ಭಾಷಣ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿದ ಮೇಲೂ ಗಂಟೆ ಬಾರಿಸದ ಅಧ್ಯಕ್ಷರಿಗೆ ವಂದನೆ. ನನ್ನ ನಾದಿನಿ ಒತಿಲಿಯಾಳಿಗೆ ವಂದನೆ. ಅಕ್ಕನ ಮರ್ಯಾದೆ ಉಳಿಸಲು, ನನ್ನನ್ನು ಕಂಡಾಗಲೆಲ್ಲ ಒಂದೂವರೆ ವರ್ಷ ನೆನಪಿಟ್ಟುಕೊಂಡು ಕುಂಟಿದ್ದಾಳೆ. ಇವತ್ತು ಮಾತ್ರ ಮರೆತಳು.

ದೋನ್ಯಾ ಪೆರ್ಲಾ ಅವರೇ, ನಿಮಗೆ ನಾನು ಏನು ಹೇಳಲಿ? ನೀವು ನನಗೆ ಟ್ಯಾಂಗೊ ಕಲಿಸಲಿಲ್ಲ. ಅದು ನಿಮ್ಮಿಂದಲೂ ಆಗದ ಕೆಲಸ, ನೀವೇ ಎಷ್ಟೋ ಸಲ ಹೇಳಿದ್ದೀರಿ. ಆದರೆ ಒಬ್ಬ ಮನುಷ್ಯನ ಎದೆಯಲ್ಲಿ ಏನಿದೆ ಎಂದು ಎದುರಿಗಿದ್ದವರಿಗೆ ತಿಳಿಯುತ್ತದೆ ಎಂಬುದನ್ನು ಕಲಿಸಿದಿರಿ. ಅರವತ್ತೇಳನೇ ವಯಸ್ಸಿನಲ್ಲಿ ಕಲಿತೆ. ನಿಮಗೆ ನನ್ನ ತಲೆಬಾಗಿದ ವಂದನೆ.

ಈಗ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಾರೆ, ಹಾಡು ಶುರುವಾಗುತ್ತದೆ. ಮೊದಲನೆಯದು ವಾಲ್ಟ್ಸ್ ಸುತ್ತು ಎಂದು ಹಾಡು ಹಾಕುವವರು ಹೇಳಿದ್ದಾರೆ, ನಾನು ಕೇಳಿಕೊಂಡದ್ದಲ್ಲ. ನಾನು ಫ್ರಿಜ್ಜಿನ ಪಕ್ಕದ ನನ್ನ ಜಾಗಕ್ಕೆ ಹೋಗಿ ಕುಳಿತು ಆ ಸಾಲಿನ ಕಡೆ ನೋಡುತ್ತೇನೆ. ಅಷ್ಟೇ ನನಗಿರುವ ಹಕ್ಕು. ಅವಳು ನನ್ನ ಕಡೆ ನೋಡಬಹುದು, ದರ್ಜಿಯ ಕಡೆ ನೋಡಬಹುದು, ಒತಿಲಿಯಾಳ ಕೈಹಿಡಿದು ಆರೂವರೆಯ ರೈಲಿಗೆ ಹೋಗಬಹುದು. ಸಭಿಕರೇ, ನಿಮ್ಮಲ್ಲಿ ನನ್ನ ಕಳಕಳಿಯ ಪ್ರಾರ್ಥನೆ ಒಂದೇ: ದಯವಿಟ್ಟು ಯಾರೂ ಅವಳ ಕಡೆ ತಿರುಗಬೇಡಿ. ಇಡೀ ಸಭೆ ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ ಅವಳು ಇಲ್ಲವೆನ್ನುವುದು ಹೇಗೆ? ಇನ್ನೊಂದು ಸಲ ನಾನು ಅವಳನ್ನು ಆ ಇಕ್ಕಟ್ಟಿಗೆ ಸಿಕ್ಕಿಸಲಾರೆ. ನಿಮ್ಮ ನಿಮ್ಮ ಲೋಟ ನೋಡಿ, ನಿಮ್ಮ ನಿಮ್ಮ ಗಂಡ ಹೆಂಡಿರನ್ನು ನೋಡಿ. ಏನೂ ತೋಚದಿದ್ದರೆ ಫ್ಯಾನು ಇದ್ದೇ ಇದೆ.

ಅಧ್ಯಕ್ಷರೇ, ತಾವು ಮಾತ್ರ ಒಂದು ಐದು ನಿಮಿಷ ವೇದಿಕೆಯಿಂದ ಇಳಿಯಬೇಡಿ. ನೀವು ಯಾವಾಗಲೂ ಕೂರುವ ಆ ಜಾಗದಲ್ಲಿ ಕುಳಿತರೆ ನಿಮ್ಮ ತಲೆ ಸರಿಯಾಗಿ ನಮ್ಮಿಬ್ಬರ ನಡುವೆ ಬರುತ್ತದೆ.

ಎಲ್ಲರಿಗೂ ನಮಸ್ಕಾರ.